ಹಲಗೆ ಇನ್ನೂ ಒಣಗಿಲ್ಲ

ಮ್ಜುಜು ಊರಿನ ಕೋರ್ಟಿನಲ್ಲಿ ನನಗೆ ಗುಮಾಸ್ತೆಯ ಕೆಲಸ.
ಕಟಕಟೆ ಹತ್ತಿದವರ ಅಂಗೈಗೆ ಬೈಬಲ್ಲು ಇಡುವುದು,
ಸತ್ಯವನ್ನೇ ಹೇಳುತ್ತೇನೆ ಎಂದು ಹೇಳಿಸುವುದು.
ದಿನಕ್ಕೆ ಇಪ್ಪತ್ತು ಕೈ. ಬೆವರು ಹತ್ತಿ ಹತ್ತಿ
ರಟ್ಟಿನ ಮೇಲಿನ ಚಿನ್ನದ ಶಿಲುಬೆ ಅಳಿಸಿಹೋಗಿದೆ.

ಅಪ್ಪ ಎಂದೂ ಆಣೆ ಇಟ್ಟವನಲ್ಲ.
ಎನ್ಯ, ಅನ್ನುತ್ತಿದ್ದ. ನಮ್ಮ ಮಾತಿನಲ್ಲಿ ಹಾಗೆಂದರೆ ಹೌದು.
ಅಷ್ಟೇ. ಮೊಳೆಗೆ ಒಂದೇ ಪೆಟ್ಟು ಕೊಟ್ಟ ಹಾಗೆ.
ಆಮೇಲೆ ಮತ್ತೆ ಕೆಲಸಕ್ಕೆ ಬಾಗುತ್ತಿದ್ದ.

ನ್ಖಾಟಾ ಕೊಲ್ಲಿಯ ದಂಡೆಯಲ್ಲಿ ದೋಣಿ ಕಟ್ಟುತ್ತಿದ್ದ.
ಆ ವರ್ಷ ಮ್ಬಾವಾ ಮರದ ದೋಣಿಯೊಂದನ್ನು
ನ್ಯಾಮ್ಹೋನೆಗೆ ಕೊಡಲು ಒಪ್ಪಿದ್ದ.
ಅವಳ ಗಂಡನನ್ನು ಸರೋವರ ನುಂಗಿತ್ತು. ಮೂವರು ಹುಡುಗರು,
ಒಂದು ಬಲೆ, ಅದಕ್ಕೂ ತೂತು.
ಕಾಗದವಿಲ್ಲ, ಮುಂಗಡವಿಲ್ಲ,
ಉಸಿಪಾ ಮೀನು ಮಾರಿದ ಹಾಗೆಲ್ಲ ಒಂದೊಂದು ಕಂತು.
ಎನ್ಯ, ಅಂದಿದ್ದ ಅಪ್ಪ.

ಆಮೇಲೆ ಬಂದ ಕರೋಂಗಾದ ವ್ಯಾಪಾರಿ, ಪಿಕಪ್ಪಿನಲ್ಲಿ.
ದೋಣಿಗೆ ಎರಡು ಸುತ್ತು ಹಾಕಿದ,
ಅದರ ಪಕ್ಕೆಲುಬುಗಳನ್ನು ಬೆರಳ ಗಿಣ್ಣಿನಿಂದ ತಟ್ಟಿದ,
ಎರಡರಷ್ಟು ಬೆಲೆ ಹೇಳಿದ. ನೋಟು ಕೈಯಲ್ಲೇ.

ನನಗೆ ಆಗಷ್ಟೇ ಸೆಕೆಂಡರಿ ಶಾಲೆಯಲ್ಲಿ ಸೀಟು ಸಿಕ್ಕಿತ್ತು.
ಫೀಸು ಎಷ್ಟೆಂದು ಇಡೀ ಮನೆಗೆ ಬಾಯಿಪಾಠ.
ಅವ್ವ ಅಂದಳು:
ಮಗಳಿಗೆ ಕೊಟ್ಟದ್ದೂ ಮಾತಲ್ಲವೇ?

ನಿಜ. ನನಗೂ ಎನ್ಯ ಅಂದಿದ್ದ,
ನಾನು ಏಳು ವರ್ಷದವಳು, ಅವನ ತೊಡೆಯ ಮೇಲೆ
ಕೂದಲ ತುಂಬ ಮರದ ಹೊಟ್ಟು ಮೆತ್ತಿಕೊಂಡು ಕೂತಿದ್ದಾಗ.

ಈಗ ಹೇಳುವುದನ್ನು, ಅಪ್ಪನನ್ನು ಮಣ್ಣು ಮಾಡಿದ ದಿನ
ಸಭೆಯ ಹಿರಿಯರು ಯಾರೂ ಹೇಳಲಿಲ್ಲ:
ಎರಡು ದಿನ ಅವನು ತಪ್ಪಿದ.
ನ್ಯಾಮ್ಹೋನೆ ಬಂದು ಅಂಗಳದಲ್ಲಿ ನಿಂತಳು.
ಹಲಗೆ ಇನ್ನೂ ಒಣಗಿಲ್ಲ, ಅಂದ.
ಒಣಗಿತ್ತು. ತಟ್ಟಿದರೆ ಡೋಲಿನ ಸದ್ದು ಬರುವಷ್ಟು ಒಣಗಿತ್ತು.
ಅವಳು ದೋಣಿಯ ಕಡೆ ನೋಡಲೂ ಇಲ್ಲ.
ಸರಿ ಅಣ್ಣಾ, ಅಂದು ಹೋದಳು.
ನಂಬಿದಳು. ಏಟು ಬಿದ್ದದ್ದು ಅಲ್ಲಿ.

ಮರುದಿನವೂ ಅದೇ ಮಾತು, ಅದೇ ಸರಿ ಅಣ್ಣಾ.
ರಾತ್ರಿ ಪ್ರಾರ್ಥನೆಗೆ ಮೊಣಕಾಲೂರಿದ, ತುಟಿ ಅಲ್ಲಾಡಲಿಲ್ಲ.
ನಾಲಿಗೆಗೆ ಎಲುಬಿಲ್ಲ ಅನ್ನುತ್ತಾರೆ,
ಹೇಗೆ ಬೇಕಾದರೂ ಹೊರಳುತ್ತದಂತೆ.
ಅವನದಕ್ಕೆ ಎಲುಬಿತ್ತು. ಅಂದು ಅದು
ಗಂಟಲಿಗೆ ಚುಚ್ಚುತ್ತಿದ್ದದ್ದು ದೀಪದ ಬೆಳಕಿನಲ್ಲಿ ಕಾಣುತ್ತಿತ್ತು.
ಸ್ವರ್ಗದಿಂದ ಯಾರೂ ಇಳಿಯಲಿಲ್ಲ. ಕನಸೂ ಬೀಳಲಿಲ್ಲ.
ಕೋಳಿ ಕೂಗಿತು, ಅಷ್ಟೇ.
ಆ ಕೂಗಿನ ಕಥೆ ಅವನಿಗೆ ಗೊತ್ತಿತ್ತು.

ನನ್ನನ್ನು ಎಬ್ಬಿಸಿದ. ಒಂದು ಬದಿ ನೀನು ಹಿಡಿ, ಅಂದ.
ದಿಮ್ಮಿಗಳ ಮೇಲೆ ಉರುಳಿಸುತ್ತ ತಳ್ಳಿದೆವು
ನನ್ನ ಶಾಲೆಯನ್ನು, ಮರಳಿನುದ್ದಕ್ಕೂ, ಅವಳ ಬಾಗಿಲಿನವರೆಗೆ.
ಹಲಗೆ ಮೊನ್ನೆಯೇ ಒಣಗಿತ್ತು, ಅಂದ ಅವಳಿಗೆ.
ನಾನು ಸುಳ್ಳು ಹೇಳಿದೆ.
ದೋಣಿಗಿಂತ ಭಾರವಾದದ್ದು ಅದೇ, ಆ ಎರಡನೆಯ ಸಾಲು.
ನಾನು ಅಳುತ್ತಿದ್ದೆ. ಸಿಟ್ಟಿಗೆ. ಭಕ್ತಿಗಲ್ಲ.

ಒಂದು ವರ್ಷ ಮೀನು ಒಣಗಿಸಿದೆ.
ಅಪ್ಪ ರಾತ್ರಿಯೂ ಉಳಿ ಹಿಡಿದ:
ಬೆಂಚು, ಬಾಗಿಲು, ಶವಪೆಟ್ಟಿಗೆ, ಏನು ಸಿಕ್ಕರೆ ಅದು.
ಫೀಸು ಕಟ್ಟಿದ, ತಡವಾಗಿ, ಚಿಲ್ಲರೆಯಲ್ಲಿ.
ನ್ಯಾಮ್ಹೋನೆಯ ಕೊನೆಯ ಎರಡು ಕಂತು ಇವತ್ತಿಗೂ ಬಂದಿಲ್ಲ.
ಅವ್ವನ ಲೆಕ್ಕದ ಪುಸ್ತಕದಲ್ಲಿ ಎರಡು ಗೀಟು ಹಾಗೇ ಇವೆ.
ಅವಳು ಅದನ್ನು ಅಳಿಸುವವಳಲ್ಲ.

ಇವತ್ತು ಕಟಕಟೆಗೆ ಒಬ್ಬ ಹುಡುಗ ಹತ್ತಿದ.
ಗಟ್ಟಿ ದನಿಯಲ್ಲಿ ಆಣೆ ಇಟ್ಟ, ಕಣ್ಣು ಬಾಗಿಲಲ್ಲಿ.
ಪುಸ್ತಕ ವಾಪಸು ತೆಗೆದುಕೊಳ್ಳುವಾಗ
ಗುಮಾಸ್ತೆ ಕೇಳಬಾರದ್ದನ್ನು ಕೇಳಬೇಕೆನಿಸಿತು:
ಹಲಗೆ ಒಣಗಿದೆಯಾ, ತಮ್ಮಾ?